ಒಂದೇ ಸಿನಿಮಾ, ಎರಡು ತಿಂಗಳ ಭಾನುವಾರ: ಭಾಗ್ಯನಗರದ ಕಥೆ ಕ್ಲಾಸು ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಕಥೆ, ನಾಟಕ ಬರೆಯುವ ಹುಚ್ಚು ಇದ್ದವರಿಗೆ ಈ ಕ್ಲಾಸಿಗೆ ಕೊಟ್ಟ ದುಡ್ಡು ದಂಡ ಅಲ್ಲ. ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬರಲಿ ಅಂತ ಮಕ್ಕಳನ್ನು ಕಳಿಸುವವರು ಸ್ವಲ್ಪ ಯೋಚಿಸಿ. ಏಳನೇ ಕ್ಲಾಸಿಗಿಂತ ಚಿಕ್ಕ ಮಕ್ಕಳಿಗಂತೂ ಬೇಡವೇ ಬೇಡ.

ಕ್ಲಾಸು ನಡೆಯುವುದು ಕೊಪ್ಪಳಕ್ಕೆ ಅಂಟಿಕೊಂಡೇ ಇರುವ ಭಾಗ್ಯನಗರದಲ್ಲಿ. ಒಂದು ಮನೆಯ ಮಹಡಿ ಮೇಲೆ ತಗಡಿನ ಶೆಡ್ಡು. ವಾರವಿಡೀ ಅಲ್ಲಿ ಎಸ್ಸೆಸ್ಸೆಲ್ಸಿ ಟ್ಯೂಷನ್. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಇದು. ಫೀಸು 1,500 ರೂಪಾಯಿ, ಸರ್ಕಾರಿ ಶಾಲೆ ಮಕ್ಕಳಿಗೆ 800. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ‘ಕಾರ್ಟೂನ್ ಸಿನಿಮಾ ನೋಡಿ ಕಥೆ ಕಟ್ಟುವುದು ಕಲಿಯಿರಿ’ ಅಂತ ಬರೆದಿದ್ದಾರೆ. ಪಾಠ ಮಾಡುವ ಮೇಡಂ ಧಾರವಾಡದಲ್ಲಿ ಎಂ.ಎ. ಓದಿ ಬಂದವರು. ಇಂಗ್ಲಿಷ್ ಸಾಹಿತ್ಯ ಓದಿದರೂ ಪಾಠ ಪೂರ್ತಿ ಕನ್ನಡದಲ್ಲೇ, ಅದೂ ನಮ್ಮ ಕಡೆ ಕನ್ನಡದಲ್ಲಿ.

ನಾನು ಬಸ್ ಕಂಡಕ್ಟರ್. ಅದರ ಜೊತೆಗೆ ನಮ್ಮೂರ ಜಾತ್ರೆಗೆ ವರ್ಷಕ್ಕೊಂದು ಸಾಮಾಜಿಕ ನಾಟಕ ಬರೆದುಕೊಡುತ್ತೇನೆ. ರಾತ್ರಿ ಹತ್ತೂವರೆಗೆ ಪರದೆ ಎದ್ದರೆ ಮುಗಿಯುವುದು ನಸುಕಿಗೆ. ಜನ ಬರುತ್ತಾರೆ, ಅಳುತ್ತಾರೆ, ಶಿಳ್ಳೆ ಹೊಡೆಯುತ್ತಾರೆ. ಆದರೆ ಎರಡನೇ ಅಂಕದ ಹೊತ್ತಿಗೆ ಒಂದಿಷ್ಟು ಮಂದಿ ಎದ್ದು ಚಹಾದಂಗಡಿ ಕಡೆ ಹೋಗುತ್ತಾರೆ. ಯಾಕೆ ಅನ್ನುವುದು ಬಹಳ ದಿನದಿಂದ ತಲೆ ಕೊರೆಯುತ್ತಿದ್ದ ಪ್ರಶ್ನೆ. ಮಗಳು ಒಂಬತ್ತನೇ ಕ್ಲಾಸು, ಅವಳಿಗೂ ಬರೆಯುವ ಚಟ ಅಂಟಿದೆ. ಇಬ್ಬರೂ ಸೇರಿದೆವು. ವಾರದ ರಜೆಯನ್ನು ಭಾನುವಾರಕ್ಕೆ ಹಾಕಿಸಿಕೊಳ್ಳಲು ಡಿಪೋದಲ್ಲಿ ಯಾರ್ಯಾರ ಕೈಕಾಲು ಹಿಡಿಯಬೇಕಾಯಿತು ಅನ್ನುವುದು ಬೇರೆಯೇ ನಾಟಕ.

ಎರಡು ತಿಂಗಳಿಗೂ ಸೇರಿ ಒಂದೇ ಸಿನಿಮಾ. ಪಿಕ್ಸಾರ್‌ನವರು 2003ರಲ್ಲಿ ಮಾಡಿದ ‘ಫೈಂಡಿಂಗ್ ನೀಮೋ’. ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್. ಅತ್ಯುತ್ತಮ ಆ್ಯನಿಮೇಷನ್ ಚಿತ್ರ ಅಂತ ಆಸ್ಕರ್ ಬಂದಿದೆ. ಆಸ್ಟ್ರೇಲಿಯಾದ ಸಮುದ್ರದಲ್ಲಿ ಮಾರ್ಲಿನ್ ಅನ್ನುವ ಕಿತ್ತಳೆ ಬಣ್ಣದ ಮೀನು, ಅವನ ಒಬ್ಬನೇ ಮಗ ನೀಮೋ. ಮುಳುಗುಗಾರನೊಬ್ಬ ಮಗನನ್ನು ಹಿಡಿದುಕೊಂಡು ಹೋಗುತ್ತಾನೆ. ಅಪ್ಪ ಹುಡುಕಿಕೊಂಡು ಸಿಡ್ನಿವರೆಗೆ ಈಜುತ್ತಾನೆ. ಕಥೆ ಇಷ್ಟೇ. ಇಷ್ಟು ಸಣ್ಣ ಕಥೆಯಲ್ಲಿ ಎರಡು ತಿಂಗಳು ಏನು ಕಲಿಸುತ್ತಾರೆ ಅಂತ ನನಗೂ ಅನಿಸಿತ್ತು.

ಮೊದಲನೆಯ ಕ್ಲಾಸಿನಲ್ಲಿ ಅವರು ಸಿನಿಮಾದ ಶುರುವಿನ ನಾಲ್ಕೈದು ನಿಮಿಷ ಮಾತ್ರ ತೋರಿಸಿದರು, ಅದೂ ದನಿ ಬಂದ್ ಮಾಡಿ. ಗಂಡ, ಹೆಂಡತಿ, ನಾನೂರಕ್ಕೂ ಹೆಚ್ಚು ಮೊಟ್ಟೆ. ಹೊಸ ಮನೆ. ದೊಡ್ಡ ಮೀನೊಂದು ಬಂದು ನಿಲ್ಲುತ್ತದೆ. ಹೆಂಡತಿ ಮೊಟ್ಟೆಗಳ ಕಡೆ ನೋಡುತ್ತಾಳೆ. ಮುಂದೆ ಏನಾಯಿತು ಅಂತ ತೋರಿಸುವುದೇ ಇಲ್ಲ. ಮಾರ್ಲಿನ್‌ಗೆ ಏಟು ಬಿದ್ದು ಕತ್ತಲೆ. ಎಚ್ಚರಾದಾಗ ಹೆಂಡತಿ ಇಲ್ಲ, ಮೊಟ್ಟೆ ಇಲ್ಲ. ಒಂದೇ ಒಂದು ಮೊಟ್ಟೆ ಉಳಿದಿದೆ, ಅದರ ಮೇಲೂ ಗೀರು. ಶೆಡ್ಡಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಮೇಡಂ ಕೇಳಿದರು: “ಒಂದು ಮಾತಿಲ್ಲದ ನಿಮಗ ಏನೇನು ಗೊತ್ತಾತು, ಹೇಳ್ರಿ.” ಪಟ್ಟಿ ಬೆಳೆಯುತ್ತಾ ಹೋಯಿತು. ಅವನಿಗೆ ಇನ್ನು ಜೀವನಪೂರ್ತಿ ಭಯ ಇರುತ್ತೆ, ಆ ಮರಿಯನ್ನು ಒಂದು ಗಳಿಗೆ ಬಿಟ್ಟಿರುವುದಿಲ್ಲ, ಆ ಗೀರಿನಿಂದ ಮರಿಗೆ ಏನೋ ಊನ ಆಗುತ್ತೆ. ಎಲ್ಲ ಮಕ್ಕಳೇ ಹೇಳಿದರು. ಹಲಗೆ ಮೇಲೆ ‘ಹೇಳದೆ ತೋರಿಸುವುದು’ ಅಂತ ಬರೆದದ್ದು ಇಷ್ಟೆಲ್ಲ ಆದಮೇಲೆ. ಇವರ ಪದ್ಧತಿಯೇ ಹೀಗೆ. ಮೊದಲು ಸೀನು, ಆಮೇಲೆ ಜಗಳ, ಕೊನೆಗೆ ಹೆಸರು.

ಜಗಳ ಅಂದದ್ದು ಸುಮ್ನೆ ಅಲ್ಲ. ಕಥೆಯನ್ನು ಓಡಿಸುವ ಮೊದಲ ಘಟನೆ ಯಾವುದು, ಹೆಂಡತಿ ಸತ್ತದ್ದೋ ಮಗನನ್ನು ಹಿಡಿದದ್ದೋ ಅನ್ನುವುದರ ಮೇಲೆ ಒಂದಿಡೀ ಬೆಳಿಗ್ಗೆ ವಾದ ನಡೆಯಿತು. ಸಾವಿಲ್ಲದಿದ್ದರೆ ಅಪ್ಪನಿಗೆ ಇಷ್ಟು ಭಯ ಇರುತ್ತಿರಲಿಲ್ಲ ಅಂತ ಒಂದು ಗುಂಪು. ಭಯ ಇಟ್ಟುಕೊಂಡು ಅವನು ಮನೆಯಲ್ಲೇ ಕೂತಿದ್ದ, ಎದ್ದು ಹೊರಟದ್ದು ಮಗ ಹೋದ ಮೇಲೆ ಅಂತ ಇನ್ನೊಂದು ಗುಂಪು. ಮೇಡಂ ಎರಡನೆಯವರ ಕಡೆ. ಸಾವು ಪೂರ್ವಕಥೆ, ಅಪಹರಣ ಪ್ರೇರಕ ಘಟನೆ. ಒಂದು ಪಾತ್ರ ಹೇಗಿದೆ ಅಂತ ಹೇಳುವುದು ಒಂದು, ಅದನ್ನು ಮನೆಯಿಂದ ಹೊರಗೆ ದಬ್ಬುವುದು ಇನ್ನೊಂದು.

ಇಲ್ಲಿ ಅವರು ಹೇಳಿದ ಒಂದು ಸಂಗತಿ ನನಗೆ ಇಡೀ ಫೀಸು ವಸೂಲು ಮಾಡಿಕೊಟ್ಟಿತು. ಸ್ಟ್ಯಾಂಟನ್ ಮೊದಲು ಈ ಸಾವಿನ ಕಥೆಯನ್ನು ಶುರುವಿನಲ್ಲಿ ಇಟ್ಟಿರಲಿಲ್ಲವಂತೆ. ಸಿನಿಮಾದ ಉದ್ದಕ್ಕೂ ತುಂಡು ತುಂಡಾಗಿ ಫ್ಲ್ಯಾಶ್‌ಬ್ಯಾಕಿನಲ್ಲಿ ಹಂಚಿದ್ದರು. ಹಾಗೆ ಮಾಡಿದಾಗ ಮಾರ್ಲಿನ್ ನೋಡುವವರಿಗೆ ಬರೀ ಗೊಣಗುವ, ಮಗನ ಉಸಿರು ಕಟ್ಟಿಸುವ ಅಪ್ಪನಾಗಿ ಕಂಡ. ಯಾಕೆ ಹೀಗೆ ಆಡುತ್ತಾನೆ ಅಂತ ಗೊತ್ತಾಗುವಷ್ಟರಲ್ಲಿ ಅವನ ಮೇಲೆ ಬೇಸರ ಬಂದಾಗಿತ್ತು. ಎಲ್ಲವನ್ನೂ ತಂದು ಮೊದಲಿಗೆ ಇಟ್ಟರು. ಅದೇ ಗೊಣಗಾಟ, ಅದೇ ಭಯ. ಈಗ ನೋಡುವವರು ಅವನ ಕಡೆಗೆ.

ಕ್ಲಾಸಿನಲ್ಲಿ ಒಬ್ಬರು ನಿವೃತ್ತ ಕನ್ನಡ ಮಾಸ್ತರು ಇದ್ದರು. ಅವರು ತಕ್ಷಣ ರನ್ನನನ್ನು ಎಳೆದು ತಂದರು. ಗದಾಯುದ್ಧ ಶುರುವಾಗುವುದೇ ಯುದ್ಧದ ಕೊನೆಗೆ. ಹಿಂದಿನದೆಲ್ಲ ಪಾತ್ರಗಳ ಬಾಯಲ್ಲಿ, ನೆನಪಿನಲ್ಲಿ ಬರುತ್ತದೆ. ಸಿಂಹಾವಲೋಕನ ಕ್ರಮ ಅಂತ ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇ. ಹಾಗಾದರೆ ರನ್ನನಿಗೆ ನಡೆದದ್ದು ಸ್ಟ್ಯಾಂಟನ್‌ಗೆ ಯಾಕೆ ನಡೆಯಲಿಲ್ಲ? ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೆ ನಮ್ಮೂರ ಕಟ್ಟೆ ನೆನಪಾಗಿ ಹೇಳಿದೆ: ದುರ್ಯೋಧನ ಯಾರು, ಅವನು ಮಾಡಿದ್ದೇನು ಅಂತ ಕೇಳುವವರಿಗೆ ಮೊದಲೇ ಗೊತ್ತಿತ್ತು. ರನ್ನ ಹೊಸ ಸುದ್ದಿ ಹೇಳುತ್ತಿರಲಿಲ್ಲ, ಗೊತ್ತಿರುವುದಕ್ಕೆ ಖಾರ ಹಚ್ಚುತ್ತಿದ್ದ. ಮಾರ್ಲಿನ್ ಯಾರು ಅಂತ ಯಾರಿಗೆ ಗೊತ್ತು? ಮಾಸ್ತರು ತಲೆ ಆಡಿಸಿದರು. ಅವರು ಅಷ್ಟು ಸುಲಭಕ್ಕೆ ತಲೆ ಆಡಿಸುವವರಲ್ಲ.

ಜಾತ್ರೆ ನಾಟಕದಲ್ಲೂ ಲೆಕ್ಕ ಇದೇ ಅಲ್ವಾ? ಪೌರಾಣಿಕ ಆಡಿದರೆ ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಸಾಮಾಜಿಕದಲ್ಲಿ ನಾಯಕ ಯಾಕೆ ಕುಡುಕನಾದ ಅನ್ನುವುದನ್ನು ಮೂರನೇ ಅಂಕದವರೆಗೆ ಮುಚ್ಚಿಟ್ಟರೆ, ಜನ ಅಷ್ಟೊತ್ತಿಗೆ ಅವನನ್ನು ಕೈಬಿಟ್ಟು ಚಹಾ ಕುಡಿಯುತ್ತಿರುತ್ತಾರೆ.

ಐರನಿಯ, ಅಂದರೆ ವಿಪರ್ಯಾಸದ ಪಾಠವೂ ಚೆನ್ನಾಗಿತ್ತು. ಅದರಲ್ಲಿ ಎರಡು ಬಗೆ ಬಿಡಿಸಿ ತೋರಿಸಿದರು. ಒಂದು, ಸನ್ನಿವೇಶದ್ದು. ಮಗನಿಗೆ ಅಪಾಯ ಬರಬಾರದು ಅಂತ ಮಾರ್ಲಿನ್ ಶಾಲೆ ಗುಂಪಿನ ಹಿಂದೆಯೇ ಹೋಗಿ ಎಲ್ಲರ ಮುಂದೆ ಬೈಯುತ್ತಾನೆ. ಅವಮಾನ ತಡೆಯಲಾರದೆ ಹುಡುಗ ಹಟಕ್ಕೆ ಬಿದ್ದು ದೋಣಿ ಮುಟ್ಟಲು ಹೋಗುತ್ತಾನೆ, ಸಿಕ್ಕಿಬೀಳುತ್ತಾನೆ. ಕಾಪಾಡಲು ಹೋದದ್ದೇ ಕಳೆದುಕೊಳ್ಳಲು ಕಾರಣ. ಇನ್ನೊಂದು, ನೋಡುವವರಿಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ್ದು. ನೀಮೋ ತಪ್ಪಿಸಿಕೊಳ್ಳಲು ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಸತ್ತವನಂತೆ ತೇಲುತ್ತಾನೆ. ಸಮುದ್ರ ದಾಟಿ ಬಂದ ಅಪ್ಪ ಸರಿಯಾಗಿ ಅದೇ ಗಳಿಗೆಗೆ ಕಿಟಕಿಯಲ್ಲಿ ಬಂದು ನೋಡುತ್ತಾನೆ. ನಮಗೆ ಗೊತ್ತು ಹುಡುಗ ಬದುಕಿದ್ದಾನೆ ಅಂತ. ಅವನಿಗೆ ಗೊತ್ತಿಲ್ಲ.

ಇದಕ್ಕೆ ನಮ್ಮಲ್ಲಿ ಉದಾಹರಣೆ ಹುಡುಕುವುದು ಬೇಕಿಲ್ಲ. ಸತ್ಯ ಹರಿಶ್ಚಂದ್ರದ ಸ್ಮಶಾನದ ಸೀನು ಸಾಕು. ಹೆಣ ಹೊತ್ತು ಬಂದವಳು ಹೆಂಡತಿ, ಹೆಣ ಮಗನದು ಅಂತ ಗೊತ್ತಿಲ್ಲದೆ ಅವನು ಸುಂಕ ಕೇಳುತ್ತಾನೆ. ಸಾಮಾಜಿಕ ನಾಟಕದಲ್ಲಿ ಅಣ್ಣ ತಮ್ಮನನ್ನು ಗುರುತಿಸದೆ ಕೈ ಎತ್ತಿದಾಗ ನಮ್ಮೂರಲ್ಲಿ ಕೆಳಗಿನಿಂದ “ಲೇ, ಅವ ನಿನ್ನ ತಮ್ಮನಲೇ!” ಅಂತ ಕೂಗುತ್ತಾರೆ. ಒಮ್ಮೆ ಒಬ್ಬ ಅಜ್ಜ ಸ್ಟೇಜು ಹತ್ತಿಯೇ ಬಿಟ್ಟಿದ್ದ. ಈ ಉದಾಹರಣೆ ಹೇಳಿದಾಗ ಮೇಡಂ ನಕ್ಕು, ಪುಸ್ತಕದ ವ್ಯಾಖ್ಯೆಗಿಂತ ಇದೇ ಇರಲಿ ಅಂತ ಹಲಗೆ ಮೇಲೆ ಆ ಕೂಗನ್ನೇ ಬರೆದರು.

ಮೇಡಂ ಪ್ರತಿ ವಾರ ಕೇಳುವ ಒಂದು ಪ್ರಶ್ನೆ ಇದೆ. “ಇದನ್ನ ತಗದ್ರ ಕಥಿಗೆ ಏನಾಗ್ತೈತಿ?” ಪಾತ್ರ ಇರಲಿ, ಸೀನು ಇರಲಿ, ಒಂದು ಸಾಮಾನು ಇರಲಿ, ಎಲ್ಲಕ್ಕೂ ಇದೇ ಪ್ರಶ್ನೆ. ನನ್ನನ್ನು ಹೆಚ್ಚು ಕಾಡಿದ್ದು ಇದನ್ನು ಡೋರಿಗೆ ಹಚ್ಚಿದಾಗ. ಡೋರಿ ನೀಲಿ ಮೀನು, ಈಗ ಹೇಳಿದ್ದು ಈಗಲೇ ಮರೆಯುತ್ತಾಳೆ. ಮೇಲುನೋಟಕ್ಕೆ ಹಾಸ್ಯ ಪಾತ್ರ. ಅವಳನ್ನು ತೆಗೆದು ನೋಡಿ. ಮುಳುಗುಗಾರ ಬೀಳಿಸಿದ ಕನ್ನಡಕದ ಮೇಲಿನ ವಿಳಾಸ ಓದುವವರು ಯಾರೂ ಇಲ್ಲ. ತಿಮಿಂಗಿಲದ ಜೊತೆ ಮಾತಾಡುವವರು ಇಲ್ಲ. ಯಾರನ್ನೂ ನಂಬದ ಮಾರ್ಲಿನ್‌ಗೆ ನಂಬುವುದನ್ನು ಕಲಿಸುವವರು ಇಲ್ಲ. ಎಲ್ಲ ಮರೆಯುವ ಅವಳು ಆ ಸಿಡ್ನಿ ವಿಳಾಸ ಒಂದನ್ನು ಮಾತ್ರ ಹಾಡಿನ ಪಲ್ಲವಿ ಮಾಡಿಕೊಂಡು ಗುನುಗುತ್ತಾ ಇರುತ್ತಾಳೆ. ಅದನ್ನು ಕೇಳಿ ನಮಗೆ ನಗು ಬರುತ್ತದೆ, ಕಥೆಯೂ ಅದರ ಬೆನ್ನು ಹತ್ತಿಯೇ ಮುಂದೆ ಹೋಗುತ್ತದೆ. ಕೊನೆಗೆ ಅವಳನ್ನು ಬಿಟ್ಟು ಮಾರ್ಲಿನ್ ಹೊರಟಾಗ, ನಿನ್ನ ಜೊತೆ ಇದ್ದರೆ ನನಗೆ ನೆನಪು ಉಳಿಯುತ್ತದೆ ಅಂತ ಬೇಡಿಕೊಳ್ಳುತ್ತಾಳೆ. ಅಷ್ಟೊತ್ತು ನಗಿಸಿದ ಅದೇ ರೋಗ ಆಗ ಕರುಳು ಹಿಂಡುತ್ತದೆ.

ನಮ್ಮ ನಾಟಕದ ಹಾಸ್ಯ ಜೋಡಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಎರಡು ಗಂಭೀರ ಸೀನಿನ ನಡುವೆ ಬರುತ್ತಾರೆ, ಒಂದು ಹಾಡು, ನಾಲ್ಕು ಡಬಲ್ ಮೀನಿಂಗ್, ಮೈಕಿನಲ್ಲಿ ಕಾಣಿಕೆ ಕೊಟ್ಟವರ ಹೆಸರು, ಹೋಗುತ್ತಾರೆ. ಪರದೆ ಹಿಂದೆ ಸೀನರಿ ಬದಲಿಸಲು ಸಮಯ ಬೇಕು, ಅದಕ್ಕಾಗಿ ಹುಟ್ಟಿದ ಪದ್ಧತಿ. ಅದಕ್ಕೆ ಅದರದೇ ಮರ್ಯಾದೆ ಇದೆ, ನಾನು ಬಿಟ್ಟುಕೊಡುವುದಿಲ್ಲ. ಆದರೆ ಮನೆಗೆ ಹೋಗುವಾಗ ಮಗಳು ಕೇಳಿಯೇ ಬಿಟ್ಟಳು: “ಅಪ್ಪಾ, ನಿನ್ನ ನಾಟಕದಾಗ ಕಾಮಿಡಿಯವರನ್ನ ತಗದ್ರ ಕಥಿಗೆ ಏನಾಗ್ತೈತಿ?” ಪೇಟಿ ಮಾಸ್ತರಿಗೆ ಸಿಟ್ಟು ಬರ್ತೈತಿ ಅಂದೆ. ಈ ಸಲದ ನಾಟಕದಲ್ಲಿ ಹಾಸ್ಯದವನ ಕೈಗೆ ಒಂದು ಕಾಗದ ಕೊಟ್ಟಿದ್ದೇನೆ. ಅದು ಅವನ ಜೇಬಿನಲ್ಲಿದೆ ಅಂತ ಅವನಿಗೇ ಮರೆತುಹೋಗುತ್ತದೆ. ಮುಂದಿನದು ಜಾತ್ರೆಗೆ ಬಂದು ನೋಡಿ.

ಮುನ್ಸೂಚನೆಯ ಪಾಠಕ್ಕೆ ಮೇಡಂ ಕೊನೆಯ ಬಲೆಯ ಸೀನಿನಿಂದ ಹಿಂದಕ್ಕೆ ಹೋದರು. ಡೋರಿ ಮತ್ತು ಸಾವಿರ ಮೀನು ಬಲೆಗೆ ಬಿದ್ದಾಗ ಎಲ್ಲರೂ ಕೆಳಕ್ಕೆ ಈಜಿ ಅಂತ ನೀಮೋ ಕೂಗುತ್ತಾನೆ. ಇದು ಅವನಿಗೆ ಎಲ್ಲಿಂದ ಬಂತು? ಅವನನ್ನು ಹಿಡಿದುಕೊಂಡು ಹೋದ ಮುಳುಗುಗಾರ ಒಬ್ಬ ದಂತ ವೈದ್ಯ; ಅವನ ಗಾಜಿನ ತೊಟ್ಟಿಯಲ್ಲಿ ನೀಮೋ ಸಣ್ಣ ಬಲೆಗೆ ಸಿಕ್ಕಾಗ ಅಲ್ಲಿದ್ದ ಗಿಲ್ ಅನ್ನುವ ಮೀನು ಮತ್ತು ಗೆಳೆಯರು ಇದನ್ನೇ ಮಾಡಿದ್ದರು. ಅಪ್ಪನಿಗೆ ಮಗನನ್ನು ಬಿಡುವ ಧೈರ್ಯ ಎಲ್ಲಿಂದ ಬಂತು? ತಿಮಿಂಗಿಲದ ಬಾಯಲ್ಲಿ ಡೋರಿ ಕೈಬಿಡು ಅಂದಾಗ, ಮುಂದೇನು ಅಂತ ಗೊತ್ತಿಲ್ಲದೆ ಬಿಟ್ಟಿದ್ದ. ಎರಡು ಬೇರೆ ಬೇರೆ ದಾರಿಯಲ್ಲಿ ಅಪ್ಪ ಮಗ ಕಲಿತದ್ದು ಒಂದೇ ಬಲೆಯ ಹತ್ತಿರ ಬಂದು ಕೂಡುತ್ತದೆ. ಮಾಸ್ತರು ಮತ್ತೆ ಎದ್ದರು. ನಾಟ್ಯಶಾಸ್ತ್ರದ ಭರತ ಇದನ್ನೇ ಬೀಜ ಅಂದ, ಬೀಜದಿಂದ ಕಾರ್ಯದವರೆಗೆ ಕಥೆ ಕಟ್ಟುವ ಐದು ಅಂಶಕ್ಕೆ ಅರ್ಥಪ್ರಕೃತಿ ಅಂದ, ತೊಟ್ಟಿಯ ಕಥೆ ಪತಾಕೆ, ಅಂದರೆ ಮುಖ್ಯ ಕಥೆಗೆ ನೆರವಾಗುವ ಉಪಕಥೆ ಅಂದರು. ಮೇಡಂ ಬೇಡ ಅನ್ನಲಿಲ್ಲ. ಹಲಗೆಯ ಅರ್ಧ ಅವರಿಗೆ ಬಿಟ್ಟುಕೊಟ್ಟರು. ಇದು ನನಗೆ ಹಿಡಿಸಿತು.

ಉಳಿದವನ್ನು ಬೇಗ ಹೇಳುತ್ತೇನೆ. ಫಾಯಿಲ್ ಪಾತ್ರಕ್ಕೆ, ಅಂದರೆ ತನ್ನ ವಿರುದ್ಧ ಗುಣದಿಂದ ಇನ್ನೊಬ್ಬನ ಗುಣ ಎದ್ದು ಕಾಣಿಸುವ ಪಾತ್ರಕ್ಕೆ, ಕ್ರಶ್ ಅನ್ನುವ ಆಮೆ. ಮರಿ ಪ್ರವಾಹದಿಂದ ಹೊರಗೆ ಬಿದ್ದರೂ ಓಡಿ ಹೋಗದೆ ತಾನೇ ಬರುತ್ತಾನಾ ನೋಡೋಣ ಅಂತ ಕಾಯುವ ಅಪ್ಪ. ಅವನನ್ನು ಪಕ್ಕಕ್ಕೆ ನಿಲ್ಲಿಸಿದ ಮೇಲೆ ಮಾರ್ಲಿನ್ ಹೇಗಿದ್ದಾನೆ ಅಂತ ಬೇರೆ ಹೇಳಬೇಕಿಲ್ಲ. ಸಂಕೇತಕ್ಕೆ ನೀಮೋನ ಚಿಕ್ಕ ರೆಕ್ಕೆ ಮತ್ತು ಗಿಲ್‌ನ ಹರಿದ ರೆಕ್ಕೆ. ಬೇರೆ ಕೃತಿಯ ಉಲ್ಲೇಖಕ್ಕೆ ಬ್ರೂಸ್ ಅನ್ನುವ ಶಾರ್ಕ್. 1975ರ ‘ಜಾಸ್’ ಸಿನಿಮಾದ ಯಂತ್ರದ ಶಾರ್ಕಿಗೆ ಆ ತಂಡದವರು ಇಟ್ಟಿದ್ದ ಅಡ್ಡಹೆಸರು ಅದು. ಮೀನಿಗೆ ಮಾತು ಬರುವುದು ನಮ್ಮ ಮಕ್ಕಳಿಗೇನೂ ಹೊಸದಲ್ಲ. ಪುಣ್ಯಕೋಟಿ ಹಾಡಿ ಬೆಳೆದವರು. ಒಬ್ಬ ಹುಡುಗ ಮಾತ್ರ ಈ ಜಾತಿಯ ಮೀನಿನಲ್ಲಿ ಹೆಣ್ಣು ಸತ್ತರೆ ಅದರ ಗಂಡೇ ಹೆಣ್ಣಾಗುತ್ತದೆ ಅಂತ ವಿಜ್ಞಾನ ತೆಗೆದು ಕ್ಲಾಸನ್ನು ಹತ್ತು ನಿಮಿಷ ಹಳಿ ತಪ್ಪಿಸಿದ. ಅವನು ಹೇಳಿದ್ದು ನಿಜವೇ.

ಇನ್ನು ಕೊರತೆಗಳು. ಕೊನೆಯಲ್ಲಿ ಒಂದು ಪುಸ್ತಿಕೆ ಕೊಡುತ್ತಾರೆ. ಎರಡು ತಿಂಗಳು ಅಷ್ಟು ಚೆನ್ನಾಗಿ ಕಲಿಸಿದವರೇ ಇದನ್ನು ಮಾಡಿದ್ದಾರಾ ಅನಿಸುತ್ತದೆ. ಬಸ್‌ಸ್ಟ್ಯಾಂಡಿನ ಟೈಮ್‌ಟೇಬಲ್ ಬೋರ್ಡಿನಂತೆ ಬರೀ ಹೆಸರು, ಎದುರಿಗೆ ಒಂದೊಂದು ಸಾಲು. ಕ್ಲಾಸಿನಲ್ಲಿ ನಡೆದ ವಾದ, ಉದಾಹರಣೆ ಒಂದೂ ಇಲ್ಲ. ಬಿಟ್ಟ ಸ್ಥಳ ತುಂಬಿರಿ ಬೇರೆ. ಪೋಷಕರು ಕೇಳುತ್ತಾರೆ ಅಂತ ಹಾಕಿದ್ದಂತೆ. ಕೊನೆಯ ಎರಡು ಕ್ಲಾಸಂತೂ ಓಟ. ದೃಷ್ಟಿಕೋನದ ಬಗ್ಗೆ ಹೇಳಿದ್ದು ನನ್ನ ತಲೆಯಲ್ಲಿ ಒಂದಿಷ್ಟೂ ನಿಂತಿಲ್ಲ. ಮೊದಲ ವಾರಗಳಲ್ಲಿ ಜಗಳಕ್ಕೆ ಕೊಟ್ಟ ಸಮಯವನ್ನು ಕಡಿಮೆ ಮಾಡಿ ಅನ್ನುವುದಿಲ್ಲ. ಪಾಠದ ವಿಷಯ ಕಡಿಮೆ ಮಾಡಲಿ.

ಚಿಕ್ಕ ಮಕ್ಕಳನ್ನು ಸೇರಿಸಿಕೊಂಡದ್ದು ಇನ್ನೊಂದು ತೊಂದರೆ. ಅವರಿಗೆ ಸಿನಿಮಾ ನೋಡಬೇಕು. ಪ್ರತಿ ಎರಡು ನಿಮಿಷಕ್ಕೆ ನಿಲ್ಲಿಸಿದರೆ “ಮುಂದ ಹಾಕ್ರೀ ಮಿಸ್” ಅಂತ ಶುರು. ಅವರ ತಪ್ಪೇನಿಲ್ಲ. ಸಿನಿಮಾ ಇಂಗ್ಲಿಷಿನಲ್ಲಿ ಓಡುತ್ತದೆ, ಮೇಡಂ ನಿಲ್ಲಿಸಿ ಕನ್ನಡದಲ್ಲಿ ಹೇಳುತ್ತಾರೆ. ದೊಡ್ಡವರಿಗೆ ಸರಿ, ಪುಟ್ಟವರಿಗೆ ತಾಳ್ಮೆ ಎಲ್ಲಿಂದ ಬರಬೇಕು.

ತಗಡಿನ ಕೆಳಗೆ ಏಪ್ರಿಲ್ ತಿಂಗಳು ಅಂದರೆ ಬಿಡಿಸಿ ಹೇಳುವುದು ಬೇಡ. ಹನ್ನೊಂದೂವರೆಯ ನಂತರ ತಲೆ ಕೆಲಸ ಮಾಡುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಇಡಿ ಅಂತ ಎಲ್ಲರೂ ಕೇಳಿದೆವು. ಕರೆಂಟು ಹೋದರೆ ಟಿವಿ ಇಲ್ಲ. ಆದರೆ ಹಾಗೆ ಹೋದ ಒಂದು ದಿನ ಮೇಡಂ ಆ ಸೀನನ್ನು ಮಕ್ಕಳ ಕೈಲೇ ಆಡಿಸಿದರು, ಅದು ಟಿವಿಗಿಂತ ಚೆನ್ನಾಗಿ ಬಂತು.

ನನ್ನ ದೊಡ್ಡ ತಕರಾರು ಬೇರೆ ಇದೆ. ಇಲ್ಲಿಂದ ಒಂದಿಷ್ಟು ದೂರ ಹೋದರೆ ಮೊರನಾಳ. ಆ ಊರಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲು ಗೊಂಬೆಯಾಟಕ್ಕೆ. ದೀಪ, ಪರದೆ, ಬಣ್ಣ ಹಚ್ಚಿದ ಗೊಂಬೆ, ಚಿತ್ರ ಎದ್ದು ಓಡಾಡುತ್ತದೆ, ಮಾತಾಡುತ್ತದೆ. ಚಿತ್ರಕ್ಕೆ ಜೀವ ತುಂಬಿ ರಾಮಾಯಣ, ಮಹಾಭಾರತ ಹೇಳುವ ಕಲೆ ಕೊಪ್ಪಳ ಜಿಲ್ಲೆಯಲ್ಲೇ ಇರುವಾಗ, ಎರಡು ತಿಂಗಳಲ್ಲಿ ಒಂದು ಬೆಳಿಗ್ಗೆ ಅದಕ್ಕೆ ಕೊಡಬಹುದಿತ್ತು. ಕವಿರಾಜಮಾರ್ಗದ ಮಾತೂ ಬರಲಿಲ್ಲ. ಒಂಬತ್ತನೇ ಶತಮಾನದ ಆ ಗ್ರಂಥ ಅಲಂಕಾರ ಕಲಿಸುವ ಪುಸ್ತಕವೇ ತಾನೇ. ಕನ್ನಡದ ತಿರುಳು ಎಲ್ಲಿದೆ ಅಂತ ಹೇಳುವಾಗ ಅದು ಎಣಿಸುವ ನಾಲ್ಕು ಊರುಗಳಲ್ಲಿ ‘ಮಹಾಕೊಪಣನಗರ’, ಅಂದರೆ ನಮ್ಮ ಕೊಪ್ಪಳ, ಒಂದು. ನಮ್ಮೂರಿನ ಮಕ್ಕಳಿಗೆ ಉಪಮೆ, ರೂಪಕ ಹೇಳುವವರು ಇದನ್ನು ಹೇಳದಿದ್ದರೆ ಇನ್ನು ಯಾರು ಹೇಳಬೇಕು? ಮಾಸ್ತರು ಎರಡು ಸಲ ನೆನಪಿಸಿದರು. ಮುಂದಿನ ಬ್ಯಾಚಿಗೆ ಸೇರಿಸುತ್ತೇವೆ ಅಂದಿದ್ದಾರೆ.

ಮಗಳ ವಿಷಯ ಕೇಳುವವರಿಗೆ: ಕನ್ನಡ ಪರೀಕ್ಷೆಯಲ್ಲಿ ಅಲಂಕಾರ ಹೆಸರಿಸಿ ಲಕ್ಷಣ ಬರೆಯಿರಿ ಅನ್ನುವ ಪ್ರಶ್ನೆಗೆ ಉಪಮೇಯ, ಉಪಮಾನ, ಸಮಾನಧರ್ಮ ಅಂತ ಬರೆಯಲೇಬೇಕು, ಅದನ್ನು ಇವರು ಕಲಿಸುವುದಿಲ್ಲ. ಅದಕ್ಕೆ ಶಾಲೆಯ ವ್ಯಾಕರಣ ಪುಸ್ತಕವೇ ಸಾಕು. ಆದರೆ ಅವಳು ಈಗ ಟಿವಿ ಧಾರಾವಾಹಿ ನೋಡುವಾಗ ನಡುವೆ ರಿಮೋಟು ಒತ್ತಿ ಅಜ್ಜಿಗೆ ಈ ಸೀನು ಬೇಕಾಗಿಯೇ ಇರಲಿಲ್ಲ ಅಂತ ವಿವರಿಸುತ್ತಾಳೆ. ಅಜ್ಜಿಗೆ ಇದರಿಂದ ಬಹಳ ತೊಂದರೆಯಾಗಿದೆ.

ಮುಂದಿನ ಬ್ಯಾಚು ದಸರಾ ರಜೆಯ ಹೊತ್ತಿಗೆ ಅಂದಿದ್ದಾರೆ. ಆಗ ಬಿಸಿಲು ಕಡಿಮೆ, ಅದೇ ವಾಸಿ. ಸೇರುವ ಮುಂಚೆ ಸಿನಿಮಾವನ್ನು ಮನೆಯಲ್ಲಿ ಒಂದು ಸಲ ಪೂರ್ತಿ ನೋಡಿಕೊಂಡು ಹೋಗಿ, ಕ್ಲಾಸಿನಲ್ಲಿ ನೆಮ್ಮದಿಯಾಗಿ ನೋಡಲು ಬಿಡುವುದಿಲ್ಲ. ಫೀಸು ಎರಡು ಕಂತಿನಲ್ಲಿ ಕೊಡಬಹುದು. ಮೊಣಕಾಲು ನೋವು ಇದ್ದವರು ಮೊದಲೇ ಹೇಳಿ. ಕೂರುವುದು ಚಾಪೆ ಮೇಲೆ, ಇರುವ ಎರಡು ಕುರ್ಚಿಯಲ್ಲಿ ಒಂದು ಮಾಸ್ತರದು.